ಫುಟ್ಬಾಲ್‌ಗೆ ಮಿಲಿಯನ್‌ಗಟ್ಟಲೆ ಇದೆ, ಸ್ವಿಮ್ಮಿಂಗ್ ಟೀಮ್‌ಗೆ ಯಾಕಿಲ್ಲ?

ಪ್ರಶ್ನೆ: ನಾವು ಡಲ್ಲಾಸ್ ಹತ್ರ ಇದೀವಿ, ಮೂಲ ಹಾಸನದ ಕಡೆಯೋರು. ಮಗ ಈಗ ಹೈಸ್ಕೂಲ್ ಹನ್ನೊಂದನೇ ಕ್ಲಾಸು, ಚಿಕ್ಕ ವಯಸ್ಸಿಂದ ಸ್ವಿಮ್ಮಿಂಗ್ ಮಾಡ್ತಾನೆ. ಎರಡು ಯೂನಿವರ್ಸಿಟಿ ಕೋಚ್‌ಗಳು ಮಾತಾಡಿಸ್ತಿದಾರೆ, ಸ್ವಲ್ಪ ಸ್ಕಾಲರ್‌ಶಿಪ್ ಕೂಡ ಕೊಡ್ತೀವಿ ಅಂತಿದಾರೆ. ಆದ್ರೆ ಎಲ್ಲಿ ನೋಡಿದ್ರೂ ಕಾಲೇಜುಗಳು ದುಡ್ಡಿಲ್ಲ ಅಂತ ಸ್ವಿಮ್ಮಿಂಗ್, ಟೆನಿಸ್, ಜಿಮ್ನಾಸ್ಟಿಕ್ಸ್ ಟೀಮ್‌ಗಳನ್ನ ಮುಚ್ಚೋ ಸುದ್ದಿ. ಅದೇ ಕಾಲೇಜುಗಳು ಫುಟ್ಬಾಲ್ ಕೋಚ್‌ಗೆ ಮಿಲಿಯನ್‌ಗಟ್ಟಲೆ ಸಂಬಳ ಕೊಡ್ತವೆ. ನಿಜವಾಗ್ಲೂ ಇವರ ಹತ್ರ ದುಡ್ಡಿಲ್ವಾ? ಮಗ ಸೇರಿದ ಮೇಲೆ ಟೀಮ್ ಮುಚ್ಚಿಬಿಟ್ರೆ ಏನ್ ಮಾಡೋದು?

ಉತ್ತರ: ಮೇಡಂ, ನಾನು ಬಹಳ ವರ್ಷ ಇಲ್ಲಿನ ಕಾಲೇಜು ಅಥ್ಲೆಟಿಕ್ಸ್ ಡಿಪಾರ್ಟ್‌ಮೆಂಟ್‌ಗಳ ಬಜೆಟ್ ನೋಡೋ ಕೆಲಸದಲ್ಲೇ ಇದ್ದವನು, ಆ ಕಡೆಯಿಂದ ಹೇಳ್ತೀನಿ. ದುಡ್ಡಿನ ಕಷ್ಟ ಇರೋದು ನಿಜ, ಅದನ್ನ ಸುಳ್ಳು ಅನ್ನೋಕಾಗಲ್ಲ, ಆದ್ರೆ ಟೀಮ್ ಮುಚ್ಚೋದ್ರಿಂದ ಆ ಕಷ್ಟ ತೀರುತ್ತೆ ಅನ್ನೋದು ಮಾತ್ರ ಬಹಳ ಕಡೆ ನಿಜ ಅಲ್ಲ. ಯಾವ ಟೀಮ್ ಉಳಿಯುತ್ತೆ ಯಾವುದು ಹೋಗುತ್ತೆ ಅನ್ನೋದು ಅದರ ಖರ್ಚು ಎಷ್ಟು ಅನ್ನೋದಕ್ಕಿಂತ ಹೆಚ್ಚಾಗಿ ಅದರ ಬೆನ್ನಿಗೆ ಯಾರಿದಾರೆ ಅನ್ನೋದರ ಮೇಲೆ ನಿಂತಿರುತ್ತೆ. ಇದನ್ನ ಅರ್ಥ ಮಾಡ್ಕೊಂಡ್ರೆ ನಿಮ್ಮ ಎರಡನೇ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕಂಗೆ.

ಮೊದಲು ದುಡ್ಡು ಎಲ್ಲಿಂದ ಬರುತ್ತೆ ನೋಡೋಣ. ಅಮೆರಿಕದ ದೊಡ್ಡ ಯೂನಿವರ್ಸಿಟಿಗಳಲ್ಲಿ ದುಡ್ಡು ದುಡಿಯೋ ಆಟ ಅಂದ್ರೆ ಎರಡೇ, ಅಮೆರಿಕನ್ ಫುಟ್ಬಾಲ್ ಮತ್ತು ಹುಡುಗರ ಬ್ಯಾಸ್ಕೆಟ್‌ಬಾಲ್, ಟಿವಿ ಹಕ್ಕು, ಟಿಕೆಟ್, ದಾನಿಗಳ ದುಡ್ಡು ಎಲ್ಲಾ ಹೆಚ್ಚಾಗಿ ಇವೆರಡರ ಸುತ್ತಾನೇ. ಸ್ವಿಮ್ಮಿಂಗ್, ಕುಸ್ತಿ, ಟೆನಿಸ್, ರೋಯಿಂಗ್, ಫೆನ್ಸಿಂಗ್, ಜಿಮ್ನಾಸ್ಟಿಕ್ಸ್, ಓಟ, ಇವನ್ನೆಲ್ಲಾ ನಾನ್-ರೆವೆನ್ಯೂ ಸ್ಪೋರ್ಟ್ಸ್ ಅಂತಾರೆ. ಆ ದೊಡ್ಡಣ್ಣಂದಿರೂ ಎಲ್ಲಾ ಕಡೆ ಲಾಭದಲ್ಲಿಲ್ಲ. 2019ರ ಎನ್‌ಸಿಎಎ ಲೆಕ್ಕದಲ್ಲಿ, ಅಂದ್ರೆ ಇಲ್ಲಿನ ಕಾಲೇಜು ಕ್ರೀಡೆ ನಡೆಸೋ ಸಂಸ್ಥೆಯ ಲೆಕ್ಕದಲ್ಲಿ, ದೊಡ್ಡ ಫುಟ್ಬಾಲ್ ಆಡೋ 130 ಕಾಲೇಜುಗಳಲ್ಲಿ ಖರ್ಚಿಗಿಂತ ಆದಾಯ ಹೆಚ್ಚಿದ್ದ ಅಥ್ಲೆಟಿಕ್ಸ್ ಡಿಪಾರ್ಟ್‌ಮೆಂಟ್‌ಗಳು ಬರೀ 25. ಮಿಕ್ಕ ಕಡೆ ವಿದ್ಯಾರ್ಥಿಗಳ ಫೀಸು, ಯೂನಿವರ್ಸಿಟಿ ಖಜಾನೆಯಿಂದಾನೇ ತುಂಬಿಸಬೇಕು.

ಹಿಂಗಿರೋವಾಗ 2020ರಲ್ಲಿ ಕೋವಿಡ್ ಬಂತು. ಮಾರ್ಚ್‌ನಲ್ಲಿ ನಡೀಬೇಕಿದ್ದ ಬ್ಯಾಸ್ಕೆಟ್‌ಬಾಲ್ ಟೂರ್ನಮೆಂಟ್ ರದ್ದಾಯ್ತು, ಎನ್‌ಸಿಎಎ ಆ ವರ್ಷ ಕಾಲೇಜುಗಳಿಗೆ ಹಂಚಬೇಕಿದ್ದ 600 ಮಿಲಿಯನ್ ಡಾಲರ್ 225 ಮಿಲಿಯನ್‌ಗೆ ಇಳೀತು. ಅಲ್ಲಿಂದ ಶುರುವಾಯ್ತು ನೋಡಿ ಕತ್ತರಿ. ಸಿನ್ಸಿನಾಟಿ ಹುಡುಗರ ಸಾಕರ್, ಓಲ್ಡ್ ಡೊಮಿನಿಯನ್ ಕುಸ್ತಿ, ಬ್ರೌನ್, ಡಾರ್ಟ್‌ಮತ್, ಅಯೋವಾ, ಮಿನೆಸೋಟಾ, ಮಿಶಿಗನ್ ಸ್ಟೇಟ್, ಕ್ಲೆಮ್ಸನ್, ಒಂದಾದ ಮೇಲೊಂದು.

ಎಲ್ಲರೂ ಬೆಚ್ಚಿಬಿದ್ದಿದ್ದು ಮಾತ್ರ ಸ್ಟ್ಯಾನ್‌ಫರ್ಡ್ ಸುದ್ದಿಗೆ. 2020ರ ಜುಲೈ 8ರಂದು ಅವರು ತಮ್ಮ 36 ಆಟಗಳಲ್ಲಿ 11ನ್ನ ಒಂದೇ ಏಟಿಗೆ ಕೈಬಿಡ್ತೀವಿ ಅಂದ್ರು, 240ಕ್ಕೂ ಹೆಚ್ಚು ಕ್ರೀಡಾಪಟುಗಳು, 22 ಜನ ಕೋಚ್‌ಗಳು. ಅಮೆರಿಕದಲ್ಲೇ ಅತಿ ಹೆಚ್ಚು ಒಲಿಂಪಿಕ್ಸ್ ಪದಕ ತಂದುಕೊಟ್ಟ ಯೂನಿವರ್ಸಿಟಿಗಳಲ್ಲಿ ಒಂದು ಅದು, ದತ್ತಿನಿಧಿ ಬಿಲಿಯನ್‌ಗಟ್ಟಲೆ. ಆ 11 ಟೀಮ್ ಶಾಶ್ವತವಾಗಿ ನಡೀಬೇಕಂದ್ರೆ 200 ಮಿಲಿಯನ್ ಡಾಲರ್‌ಗೂ ಹೆಚ್ಚು ದತ್ತಿ ಬೇಕು ಅಂದ್ರು. ಹಳೇ ಆಟಗಾರರು, ಪೋಷಕರು ಸೇರ್ಕೊಂಡು 36 ಸ್ಪೋರ್ಟ್ಸ್ ಸ್ಟ್ರಾಂಗ್ ಅಂತ ಗುಂಪು ಕಟ್ಟಿದ್ರು, ದಾನದ ಭರವಸೆಗಳನ್ನ ಕಲೆಹಾಕಿದ್ರು, ಕೋರ್ಟಿಗೂ ಹೋದ್ರು. 2021ರ ಮಾರ್ಚ್‌ನಲ್ಲಿ ಶೇನ್ ಗ್ರಿಫಿತ್ ಅನ್ನೋ ಸ್ಟ್ಯಾನ್‌ಫರ್ಡ್ ಕುಸ್ತಿಪಟು ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗೆ ಕಾಲೇಜಿನ ಲೋಗೋನೇ ಇಲ್ಲದ ಕಪ್ಪು ಸಿಂಗ್ಲೆಟ್, ಅಂದ್ರೆ ಕುಸ್ತಿ ಉಡುಪು, ಹಾಕ್ಕೊಂಡು ಇಳಿದ, 165 ಪೌಂಡ್ ತೂಕದಲ್ಲಿ ಗೆದ್ದೂಬಿಟ್ಟ. ಮುಚ್ಚೋಕೆ ಹೊರಟಿರೋ ಟೀಮಿಂದ ದೇಶದ ಚಾಂಪಿಯನ್! ಎರಡು ತಿಂಗಳಾಗ್ತಿದ್ದಂಗೆ, ಮೇ 18ಕ್ಕೆ, ಯೂನಿವರ್ಸಿಟಿ ಹನ್ನೊಂದೂ ಟೀಮ್‌ಗಳನ್ನ ವಾಪಸ್ ತಗೊಂಡ್ತು. ಹತ್ತು ತಿಂಗಳ ಹಿಂದೆ ಆಗೋದೇ ಇಲ್ಲ ಅಂದಿದ್ದು ಆಯ್ತಲ್ಲಾ, ಅದನ್ನ ನೀವು ನೆನಪಲ್ಲಿಟ್ಕೊಳ್ಳಿ.

ಅಯೋವಾದ ಕತೆ ಇನ್ನೂ ಕಲಿಸೋದಿದೆ, ನಿಮ್ಮ ಮಗನ ಆಟಕ್ಕೆ ನೇರ ಸಂಬಂಧ ಇರೋದೂ ಅದೇ. ಬಟರ್‌ಫ್ಲೈ ಸ್ಟ್ರೋಕ್ ಇವತ್ತಿನ ರೂಪಕ್ಕೆ ಬಂದಿದ್ದರಲ್ಲಿ ದೊಡ್ಡ ಪಾಲು 1930ರ ದಶಕದ ಅಯೋವಾ ಯೂನಿವರ್ಸಿಟಿ ಕೋಚ್ ಡೇವಿಡ್ ಆರ್ಮ್‌ಬ್ರಸ್ಟರ್ ಮತ್ತು ಅವರ ಶಿಷ್ಯ ಜ್ಯಾಕ್ ಸೀಗ್ ಅವರದ್ದು. ಅಂಥಾ ಕಾಲೇಜು 2020ರ ಆಗಸ್ಟ್ 21ಕ್ಕೆ ಹುಡುಗರ ಮತ್ತು ಹುಡುಗಿಯರ ಸ್ವಿಮ್ಮಿಂಗ್, ಹುಡುಗರ ಟೆನಿಸ್, ಹುಡುಗರ ಜಿಮ್ನಾಸ್ಟಿಕ್ಸ್ ನಾಲ್ಕನ್ನೂ ನಿಲ್ಲಿಸ್ತೀವಿ ಅಂತು. ಕಾರಣ ಏನಂದ್ರೆ ಅವರ ಕಾನ್ಫರೆನ್ಸ್, ಅಂದ್ರೆ ತಮ್ಮತಮ್ಮಲ್ಲೇ ಪಂದ್ಯ ಆಡೋ ಕಾಲೇಜುಗಳ ಗುಂಪು, ಬಿಗ್ ಟೆನ್ ಹತ್ತು ದಿನ ಮುಂಚೆ ಫುಟ್ಬಾಲ್ ಸೀಸನ್ ಮುಂದಕ್ಕೆ ಹಾಕಿತ್ತು, 100 ಮಿಲಿಯನ್ ಡಾಲರ್ ಆದಾಯ ಹೋಗುತ್ತೆ, 60ರಿಂದ 75 ಮಿಲಿಯನ್ ಕೊರತೆ ಬೀಳುತ್ತೆ ಅನ್ನೋ ಲೆಕ್ಕ. ಸರಿ, ಒಪ್ಪೋಣ. ಆದ್ರೆ ಸೆಪ್ಟೆಂಬರ್ 16ಕ್ಕೆ ಅದೇ ಬಿಗ್ ಟೆನ್ ಮನಸ್ಸು ಬದಲಾಯಿಸ್ತು, ಅಕ್ಟೋಬರ್‌ನಲ್ಲಿ ಫುಟ್ಬಾಲ್ ಆಡೇಬಿಟ್ರು. ಯಾವ ಕಾರಣಕ್ಕೆ ಕತ್ತರಿ ಹಾಕಿದ್ರೋ ಆ ಕಾರಣ ಒಂದೇ ತಿಂಗಳಲ್ಲಿ ಸಡಿಲ ಆಯ್ತು, ಕತ್ತರಿ ಮಾತ್ರ ಹಿಂದೆ ಹೋಗ್ಲಿಲ್ಲ.

ಆಮೇಲೆ ಏನಾಯ್ತು ಗೊತ್ತಾ, ಹುಡುಗಿಯರ ಸ್ವಿಮ್ಮಿಂಗ್ ಉಳೀತು, ಹುಡುಗರದ್ದು ಹೋಯ್ತು. ಈಜುಗಾರ್ತಿಯರು ಟೈಟಲ್ ನೈನ್ ಕಾನೂನಿನಡಿ ಕೇಸ್ ಹಾಕಿದ್ರು, ಡಿಸೆಂಬರ್‌ನಲ್ಲಿ ಜಡ್ಜ್ ತಡೆ ಕೊಟ್ರು, 2021ರ ಫೆಬ್ರವರಿಲಿ ಯೂನಿವರ್ಸಿಟಿ ಆ ಟೀಮನ್ನ ವಾಪಸ್ ತಂತು, ಮೇಲಿಂದ ಹುಡುಗಿಯರ ಕುಸ್ತಿ ಟೀಮ್ ಬೇರೆ ಹೊಸದಾಗಿ ಶುರು ಮಾಡ್ತು. 1972ರ ಈ ಟೈಟಲ್ ನೈನ್ ಕಾನೂನು ಸರ್ಕಾರದ ದುಡ್ಡು ತಗೊಳೋ ಯಾವ ಶಿಕ್ಷಣ ಸಂಸ್ಥೆಯೂ ಹೆಣ್ಣು ಗಂಡು ಭೇದ ಮಾಡಬಾರದು ಅನ್ನುತ್ತೆ. ಆಟದಲ್ಲಿ ಅದನ್ನ ಅಳೆಯೋ ಒಂದು ಮುಖ್ಯ ದಾರಿ ಏನಂದ್ರೆ ಕಾಲೇಜಲ್ಲಿ ಹುಡುಗಿಯರು ಶೇಕಡಾ ಎಷ್ಟಿದಾರೋ ಟೀಮ್‌ಗಳ ಸೀಟಲ್ಲೂ ಹೆಚ್ಚುಕಡಿಮೆ ಅಷ್ಟೇ ಇರಬೇಕು ಅನ್ನೋದು. ಇವತ್ತು ಬಹಳ ಕಾಲೇಜುಗಳಲ್ಲಿ ಹುಡುಗಿಯರೇ ಜಾಸ್ತಿ, ಫುಟ್ಬಾಲ್ ಒಂದೇ ನೂರಕ್ಕೂ ಹೆಚ್ಚು ಹುಡುಗರ ಸೀಟು ತಿನ್ನುತ್ತೆ, ಫುಟ್ಬಾಲ್ ಮುಟ್ಟೋ ಧೈರ್ಯ ಯಾರಿಗೂ ಇಲ್ಲ, ಹಂಗಾಗಿ ಲೆಕ್ಕ ಸರಿ ಮಾಡೋಕೆ ಕತ್ತಿ ಬೀಳೋದು ಹುಡುಗರ ಸಣ್ಣ ಟೀಮ್‌ಗಳ ಮೇಲೆ. ಬೈಯೋರು ಇದಕ್ಕೆ ಹುಡುಗಿಯರ ಕಾನೂನನ್ನ ಬೈತಾರೆ, ಅದು ಅನ್ಯಾಯ. ಆ ಕಾನೂನು ಯಾವ ಟೀಮನ್ನೂ ಮುಚ್ಚಿ ಅಂತ ಹೇಳಲ್ಲ, ಸಮ ಮಾಡಿ ಅನ್ನುತ್ತೆ ಅಷ್ಟೇ, ಹೆಂಗೆ ಸಮ ಮಾಡೋದು ಅನ್ನೋದು ಅಥ್ಲೆಟಿಕ್ ಡೈರೆಕ್ಟರ್ ತಗೊಳೋ ತೀರ್ಮಾನ.

ಈಗ ಅಸಲು ಲೆಕ್ಕಕ್ಕೆ ಬರ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಆದ್ರೆ ಸುದ್ದಿಗಳಲ್ಲಿ ಇದು ಬರೋದೇ ಅಪರೂಪ.

ಹುಡುಗರ ಸ್ವಿಮ್ಮಿಂಗ್‌ಗೆ 2024-25ರವರೆಗೆ ಡಿವಿಷನ್ ಒಂದರ, ಅಂದ್ರೆ ಎನ್‌ಸಿಎಎಯ ಮೇಲಿನ ದರ್ಜೆಯ, ಕಾಲೇಜು ಕೊಡಬಹುದಾಗಿದ್ದ ಸ್ಕಾಲರ್‌ಶಿಪ್ 9.9 ಮಾತ್ರ. ಟೀಮಲ್ಲಿ 28-30 ಹುಡುಗರಿದ್ರೂ ಅಷ್ಟರಲ್ಲೇ ಹಂಚಿ ಕೊಡಬೇಕಿತ್ತು, ಒಬ್ಬನಿಗೆ ಅರ್ಧ, ಒಬ್ಬನಿಗೆ ಕಾಲು, ಕೆಲವರಿಗೆ ಪುಸ್ತಕದ ದುಡ್ಡು, ಕೆಲವರಿಗೆ ಏನೂ ಇಲ್ಲ. ಬಹಳ ಕಾಲೇಜುಗಳು ಆ 9.9 ಕೂಡ ಪೂರ್ತಿ ಕೊಡ್ತಿರಲಿಲ್ಲ. ಅಂದ್ರೆ ಏನಾಯ್ತು, ಆ ಮೂವತ್ತು ಹುಡುಗರಲ್ಲಿ ಹೆಚ್ಚಿನವರು ಫೀಸ್ ಕಟ್ಟಿ ಓದೋರೇ. ಒಂದು ಉದಾಹರಣೆ ಹಾಕಿ ನೋಡಿ: 28 ಹುಡುಗರು, ಸ್ಕಾಲರ್‌ಶಿಪ್ ಎಲ್ಲಾ ಕಳೆದು ಒಬ್ಬೊಬ್ಬರು ಸರಾಸರಿ ವರ್ಷಕ್ಕೆ 20,000 ಡಾಲರ್ ಕಟ್ಟಿದ್ರೂ ಯೂನಿವರ್ಸಿಟಿಗೆ 5 ಲಕ್ಷ 60 ಸಾವಿರ ಬರುತ್ತೆ. ಟೀಮಿನ ನಿಜವಾದ ಖರ್ಚು, ಕೋಚ್‌ಗಳ ಸಂಬಳ, ಬಸ್ಸು, ವಿಮಾನ, ಹೋಟೆಲ್ಲು, ಸೂಟು ಗಾಗಲ್ಸು ಎಲ್ಲಾ ಸೇರಿ 4 ಲಕ್ಷ ಅಂತಿಟ್ಕೊಳ್ಳಿ. ಪೂಲ್ ಹೆಂಗೂ ಇರುತ್ತೆ, ಹುಡುಗಿಯರ ಟೀಮ್ ಇದ್ರೆ ಅದನ್ನ ಬಿಸಿ ಮಾಡಿ ಕ್ಲೋರಿನ್ ಹಾಕೋ ಖರ್ಚು ಒಂದು ಪೈಸೆ ಕಮ್ಮಿ ಆಗಲ್ಲ. ಟೀಮ್ ಮುಚ್ಚಿದ್ರೆ ಆ ಹುಡುಗರು ಬರಲ್ಲ, ಅವರ ಜಾಗಕ್ಕೆ ಬೇರೆಯವರು ಬರದಿದ್ರೆ ಯೂನಿವರ್ಸಿಟಿಗೆ ನಷ್ಟಾನೇ. ಹಂಗಂತ ಎಲ್ಲಾ ಕಡೆ ಹಿಂಗೇ ಆಗಲ್ಲ, ಸ್ಟ್ಯಾನ್‌ಫರ್ಡ್ ತರದ ಕಡೆ ಒಂದು ಸೀಟಿಗೆ ನೂರು ಜನ ಕಾಯ್ತಿರ್ತಾರೆ, ಅಲ್ಲಿ ಸೀಟು ಖಾಲಿ ಉಳಿಯಲ್ಲ. ಅಡ್ಮಿಷನ್‌ಗೆ ಒದ್ದಾಡೋ ಮಧ್ಯಮ ಕಾಲೇಜುಗಳಲ್ಲಿ ಮಾತ್ರ ಇದು ದೊಡ್ಡ ಪೆಟ್ಟು.

ಹಂಗಿದ್ಮೇಲೆ ಯಾಕೆ ಮುಚ್ತಾರೆ? ಯಾಕಂದ್ರೆ ಎರಡು ಪುಸ್ತಕ ಇದೆ. ಹುಡುಗ ಕಟ್ಟೋ ಫೀಸು ಯೂನಿವರ್ಸಿಟಿ ಪುಸ್ತಕಕ್ಕೆ ಹೋಗುತ್ತೆ, ಸ್ಕಾಲರ್‌ಶಿಪ್ಪಿನ ಖರ್ಚು ಅಥ್ಲೆಟಿಕ್ಸ್ ಡಿಪಾರ್ಟ್‌ಮೆಂಟ್ ಪುಸ್ತಕಕ್ಕೆ ಬೀಳುತ್ತೆ, ಅದೂ ಬಹಳ ಕಡೆ ಪೂರ್ತಿ ಫೀಸಿನ ರೇಟಲ್ಲೇ. ತರಗತಿಯಲ್ಲಿ ಒಬ್ಬ ಹುಡುಗ ಜಾಸ್ತಿ ಕೂತ್ರೆ ಯೂನಿವರ್ಸಿಟಿಗೆ ನಿಜವಾಗಿ ಆಗೋ ಖರ್ಚು ಅದರಲ್ಲಿ ಸ್ವಲ್ಪ ಭಾಗ, ಆದ್ರೆ ಡಿಪಾರ್ಟ್‌ಮೆಂಟ್ ಪುಸ್ತಕದಲ್ಲಿ ಅದು 40-50 ಸಾವಿರ ಡಾಲರ್ ಖರ್ಚು ಅಂತ ಕಾಣುತ್ತೆ. ಅಥ್ಲೆಟಿಕ್ ಡೈರೆಕ್ಟರ್ ತನ್ನ ಪುಸ್ತಕ ನೋಡಿ ಟೀಮ್ ಮುಚ್ಚಿದೆ, ಇಷ್ಟು ಉಳಿಸಿದೆ ಅಂತ ತೋರಿಸ್ತಾರೆ, ಆ ಕಡೆ ಪುಸ್ತಕದಲ್ಲಿ ಕಮ್ಮಿ ಆಗಿದ್ದು ಯಾರ ಲೆಕ್ಕಕ್ಕೂ ಬರಲ್ಲ. ಎರಡೂ ಪುಸ್ತಕ ಒಟ್ಟಿಗೆ ಇಟ್ಟು ನೋಡಿ ಅಂತ ಯಾರಾದ್ರೂ ಹೇಳಿದ್ರೆ ಮೀಟಿಂಗಲ್ಲಿ ಮಾತು ಬೇರೆ ಕಡೆ ತಿರುಗುತ್ತೆ, ನಾನೇ ಕಣ್ಣಾರೆ ನೋಡಿದ್ದು.

ಇನ್ನು ಉಳಿಸಿದ ದುಡ್ಡು ಕೊರತೆಗೆ ಸಾಕಾಗುತ್ತಾ? ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. 2020ರ ಡಿಸೆಂಬರ್‌ನಲ್ಲಿ, ಎಲ್ಲಾ ಕಡೆ ದುಡ್ಡಿಲ್ಲ ದುಡ್ಡಿಲ್ಲ ಅಂತ ಕೂಗು ಎದ್ದಿದ್ದಾಗಲೇ, ಆಬರ್ನ್ ಯೂನಿವರ್ಸಿಟಿ ತನ್ನ ಫುಟ್ಬಾಲ್ ಕೋಚ್ ಗಸ್ ಮಾಲ್ಜಾನ್ ಅವರನ್ನ ತೆಗೆದುಹಾಕಿ ಕಾಂಟ್ರ್ಯಾಕ್ಟ್ ಪ್ರಕಾರ 21 ಮಿಲಿಯನ್‌ಗೂ ಹೆಚ್ಚು ಕೊಡೋಕೆ ಒಪ್ಕೊಂತು. ನಿಮ್ಮ ಟೆಕ್ಸಾಸ್‌ನಲ್ಲೇ, 2023ರ ನವೆಂಬರ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಂ ಜಿಂಬೋ ಫಿಶರ್ ಅವರನ್ನ ಮನೆಗೆ ಕಳಿಸಿದಾಗ ಬಾಕಿ ಇದ್ದದ್ದು 75 ಮಿಲಿಯನ್‌ಗೂ ಹೆಚ್ಚು. ಕೆಲಸ ಮಾಡಬೇಡ ಅಂತ ಹೇಳೋಕೆ ಕೊಡೋ ದುಡ್ಡು ಇದು! ಒಂದು ಸ್ವಿಮ್ಮಿಂಗ್ ಟೀಮನ್ನ ಅದರಲ್ಲಿ ಎಷ್ಟು ದಶಕ ನಡೆಸಬಹುದಿತ್ತು ಅಂತ ನೀವೇ ಭಾಗಿಸಿ ನೋಡಿ.

ಕೋವಿಡ್ ಮುಗೀತು, ಈಗ್ಯಾಕೆ ಮತ್ತೆ ಅಂತ ಕೇಳಬಹುದು. ಈಗಿನ ಕಾರಣ ಹೌಸ್ ಸೆಟ್ಲ್‌ಮೆಂಟ್, ಅಂದ್ರೆ ಆಟಗಾರರು ಎನ್‌ಸಿಎಎ ಮೇಲೆ ಹಾಕಿದ್ದ ಕೇಸಿನ ರಾಜಿ. 2025ರ ಜೂನ್ 6ಕ್ಕೆ ಜಡ್ಜ್ ಕ್ಲಾಡಿಯಾ ವಿಲ್ಕೆನ್ ಒಪ್ಪಿಗೆ ಕೊಟ್ಟ ಈ ರಾಜಿ ಪ್ರಕಾರ ಹಳೇ ಆಟಗಾರರಿಗೆ ಹತ್ತು ವರ್ಷದಲ್ಲಿ ಸುಮಾರು 2.8 ಬಿಲಿಯನ್ ಡಾಲರ್ ಬಾಕಿ ಕೊಡಬೇಕು, ಮತ್ತೆ ಕಾಲೇಜುಗಳು ಇನ್ನು ಮುಂದೆ ಆಟಗಾರರಿಗೆ ನೇರವಾಗಿ ಆದಾಯದ ಪಾಲು ಕೊಡಬಹುದು, 2025-26ರಲ್ಲಿ ಒಂದು ಕಾಲೇಜಿಗೆ ಸುಮಾರು 20.5 ಮಿಲಿಯನ್‌ವರೆಗೆ. ಅದರಲ್ಲಿ ಸಿಂಹಪಾಲು ಹೋಗೋದು ಫುಟ್ಬಾಲ್‌ಗೆ. ಫುಟ್ಬಾಲ್ ಹುಡುಗರಿಗೆ ದುಡ್ಡು ಸಿಗೋದು ತಪ್ಪು ಅಂತ ನಾನು ಖಂಡಿತಾ ಹೇಳಲ್ಲ, ದಶಕಗಟ್ಟಲೆ ಅವರ ಮೈಮುರಿದ ದುಡಿಮೆಯಲ್ಲಿ ಬೇರೆಯವರು ಸಾಹುಕಾರರಾದ್ರು, ಅವರಿಗೆ ಬರಬೇಕಾದ್ದು ಬರಲಿ. ಅಷ್ಟಕ್ಕೂ ಆ ಕೇಸಿಗೆ ಹೆಸರು ಬಂದಿದ್ದೇ ಗ್ರಾಂಟ್ ಹೌಸ್ ಅನ್ನೋ ಅರಿಜೋನಾ ಸ್ಟೇಟ್‌ನ ಈಜುಗಾರನಿಂದ. ನನ್ನ ತಕರಾರು ಇರೋದು ಆ ಪಾಲನ್ನ ಯಾರ ತಟ್ಟೆಯಿಂದ ತೆಗೀತಾರೆ ಅನ್ನೋದ್ರಲ್ಲಿ. ಕೋಚ್ ಸಂಬಳ ಇಳಿಸಲ್ಲ, ಹೊಸ ಲಾಕರ್ ರೂಮ್ ಕಟ್ಟೋದು ನಿಲ್ಲಿಸಲ್ಲ, ಸಣ್ಣ ಟೀಮ್‌ಗಳ ಕಡೆ ಕಣ್ಣು ಹೋಗುತ್ತೆ. 2025ರಲ್ಲೇ ಕ್ಯಾಲಿಫೋರ್ನಿಯಾದ ಕ್ಯಾಲ್ ಪಾಲಿ ಯೂನಿವರ್ಸಿಟಿ ಹುಡುಗರದ್ದೂ ಹುಡುಗಿಯರದ್ದೂ ಸ್ವಿಮ್ಮಿಂಗ್ ಡೈವಿಂಗ್ ನಿಲ್ಲಿಸ್ತು, ನಿಮ್ಮ ರಾಜ್ಯದ ಯೂಟೆಪ್, ಅಂದ್ರೆ ಎಲ್ ಪಾಸೋದ ಟೆಕ್ಸಾಸ್ ಯೂನಿವರ್ಸಿಟಿ, ಹುಡುಗಿಯರ ಟೆನಿಸ್ ನಿಲ್ಲಿಸ್ತು.

ಟೀಮ್ ಮುಚ್ಚದಿದ್ರೂ ಇನ್ನೊಂದು ತರ ಪೆಟ್ಟಿದೆ, ಇದು ನಿಮಗೆ ಬಹಳ ಮುಖ್ಯ. ರಾಜಿ ಒಪ್ಕೊಂಡ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಮಿತಿ ತೆಗೆದು ರೋಸ್ಟರ್ ಮಿತಿ, ಅಂದ್ರೆ ಟೀಮಲ್ಲಿ ಒಟ್ಟು ಎಷ್ಟು ಜನ ಇರಬಹುದು ಅನ್ನೋ ಮಿತಿ, ತಂದಿದಾರೆ, ಹುಡುಗರ ಸ್ವಿಮ್ಮಿಂಗ್‌ಗೆ 30, ಟೆಕ್ಸಾಸ್ ಮತ್ತು ಎ ಅಂಡ್ ಎಂ ಇರೋ ಎಸ್‌ಇಸಿ ಕಾನ್ಫರೆನ್ಸಲ್ಲಂತೂ 22. ಮುಂಚೆ ಸ್ಕಾಲರ್‌ಶಿಪ್ ಇಲ್ಲದೇ ಸೇರಿ, ಎರಡು ವರ್ಷ ಬೆವರು ಸುರಿಸಿ ಮೇಲೆ ಬರ್ತಿದ್ದ ವಾಕ್-ಆನ್ ಹುಡುಗರಿಗೆ ಈಗ ಜಾಗಾನೇ ಕಮ್ಮಿ. ಇದ್ದವರನ್ನೇ ತೆಗೆಯೋ ಪರಿಸ್ಥಿತಿ ಬಂದಿದ್ದಕ್ಕೆ ಜಡ್ಜ್ 2025ರ ಏಪ್ರಿಲ್‌ನಲ್ಲಿ ಒಪ್ಪಿಗೆ ತಡೆಹಿಡಿದಿದ್ರು, ಆಮೇಲೆ ಹಂಗೆ ಜಾಗ ಕಳ್ಕೊಂಡವರನ್ನ ಮಿತಿಗೆ ಲೆಕ್ಕ ಹಿಡಿಯದೇ ಇಟ್ಕೋಬಹುದು ಅಂತ ಸೇರಿಸಿದ್ರು. ನಿಮ್ಮ ಮಗನಂಥ ಹೊಸಬರಿಗೆ ಆ ರಿಯಾಯಿತಿ ಇಲ್ಲ.

ಇದೆಲ್ಲಾ ಬರೀ ಕೆಲವು ಮಕ್ಕಳ ಹವ್ಯಾಸದ ವಿಷಯ ಅಂತ ಕೆಲವರು ತಳ್ಳಿಹಾಕ್ತಾರೆ, ಅಲ್ಲ. ಅಮೆರಿಕದ ಒಲಿಂಪಿಕ್ ಸಮಿತಿಗೆ ನಮ್ಮ ಕಡೆ ತರ ಸರ್ಕಾರದ ಅನುದಾನ ಇಲ್ಲ, ಸಾಯ್ ಹಾಸ್ಟೆಲ್ಲು, ರೈಲ್ವೆ ಕೆಲಸ ಅಂತ ಏನಿಲ್ಲ, ಒಲಿಂಪಿಕ್ಸ್‌ಗೆ ಜನ ತಯಾರಾಗೋದು ಹೆಚ್ಚಾಗಿ ಈ ಕಾಲೇಜು ಟೀಮ್‌ಗಳಲ್ಲೇ. 2024ರ ಪ್ಯಾರಿಸ್‌ನಲ್ಲಿ ಅಮೆರಿಕದ ಪುರುಷರ ಜಿಮ್ನಾಸ್ಟಿಕ್ಸ್ ತಂಡ ಕಂಚು ಗೆದ್ದಿದ್ದು ನೋಡಿರ್ತೀರಿ, ಕನ್ನಡಕ ತೆಗೆದಿಟ್ಟು ಪಾಮೆಲ್ ಹಾರ್ಸ್ ಮೇಲೆ ಹತ್ತಿದ ಆ ಸ್ಟೀಫನ್ ನೆಡೊರೊಸಿಕ್ ಪೆನ್ ಸ್ಟೇಟ್ ಹುಡುಗ, ಮಿಕ್ಕ ನಾಲ್ವರಲ್ಲಿ ಇಬ್ಬರು ಸ್ಟ್ಯಾನ್‌ಫರ್ಡ್, ಇಬ್ಬರು ಮಿಶಿಗನ್. ತಂಡಕ್ಕೆ ಪದಕ ಬಂದಿದ್ದು 2008ರ ನಂತರ ಅದೇ ಮೊದಲು. ಹುಡುಗರ ಜಿಮ್ನಾಸ್ಟಿಕ್ಸ್ ಇರೋ ಎನ್‌ಸಿಎಎ ಕಾಲೇಜುಗಳು ಇವತ್ತು ಹದಿನೈದರ ಆಸುಪಾಸು ಅಷ್ಟೇ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿ ವಿಡ್ಮಾರ್, ಡ್ಯಾಗೆಟ್, ಗೇಲಾರ್ಡ್ ಮೂವರೂ ಯುಸಿಎಲ್‌ಎ ಹುಡುಗರು, ಸ್ಪರ್ಧೆ ನಡೆದಿದ್ದೂ ಯುಸಿಎಲ್‌ಎ ಕ್ಯಾಂಪಸ್ಸಿನ ಪಾಲಿ ಪೆವಿಲಿಯನ್ನಲ್ಲೇ. ಹತ್ತು ವರ್ಷಕ್ಕೆ ಯುಸಿಎಲ್‌ಎ ಆ ಟೀಮನ್ನೇ ತೆಗೀತು.

ನಮ್ಮವರಿಗೂ ಇದರ ಲಾಭ ಆಗಿದೆ. ಮೈಸೂರಲ್ಲಿ ಹುಟ್ಟಿ ಮೇರಿಲ್ಯಾಂಡ್‌ನಲ್ಲಿ ಬೆಳೆದ ವಿಕಾಸ್ ಗೌಡ ನಾರ್ತ್ ಕ್ಯಾರೊಲಿನಾ ಯೂನಿವರ್ಸಿಟಿ ಪರ 2006ರಲ್ಲಿ ಎನ್‌ಸಿಎಎ ಡಿಸ್ಕಸ್ ಚಾಂಪಿಯನ್ ಆದ್ರು, ಆಮೇಲೆ ಭಾರತಕ್ಕೆ 2014ರ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ ಚಿನ್ನ ತಂದ್ರು. ಟೆನಿಸ್‌ನ ಸೋಮದೇವ್ ದೇವ್‌ವರ್ಮನ್ ವರ್ಜೀನಿಯಾ ಯೂನಿವರ್ಸಿಟಿಲಿ, ಹೈಜಂಪ್‌ನ ತೇಜಸ್ವಿನ್ ಶಂಕರ್ ಕ್ಯಾನ್ಸಸ್ ಸ್ಟೇಟ್‌ನಲ್ಲಿ. ಡಿಸ್ಕಸ್ ನೋಡೋಕೆ ಯಾರು ಟಿಕೆಟ್ ತಗೋತಾರೆ ಹೇಳಿ, ಆದ್ರೂ ಆ ಕಾಲೇಜುಗಳು ಟೀಮ್ ಇಟ್ಕೊಂಡಿದ್ದಕ್ಕೇ ಇವರೆಲ್ಲಾ ಆದ್ರು.

ಈಗ ನಿಮ್ಮ ಮಗನ ವಿಷಯ. ಟೀಮ್ ನಾಳೆ ಇಲ್ಲದಿದ್ರೂ ಈ ಕಾಲೇಜಲ್ಲೇ ಓದ್ತೀಯಾ ಅಂತ ಅವನನ್ನ ನೇರವಾಗಿ ಕೇಳಿ. ಇಲ್ಲ ಅಂದ್ರೆ ಕೋಚ್ ಎಷ್ಟೇ ಚೆನ್ನಾಗಿ ಮಾತಾಡಿದ್ರೂ ಆ ಕಾಲೇಜು ಬೇಡ. ಹೌದು ಅಂದ್ರೆ ಆಮೇಲೆ ಟೀಮ್ ಎಷ್ಟು ಗಟ್ಟಿ ಅಂತ ನೋಡಿ. ಕಾಲೇಜಲ್ಲಿ ಒಟ್ಟು ಎಷ್ಟು ಆಟ ಇದೆ ಅಂತ ಎಣಿಸಿ, ದೊಡ್ಡ ಫುಟ್ಬಾಲ್ ಆಡೋರು ಕನಿಷ್ಠ 16 ಇಟ್ಕೊಳ್ಳಲೇಬೇಕು, 16ರಲ್ಲೇ ನಿಂತಿರೋ ಕಾಲೇಜು ಇನ್ನೊಂದನ್ನ ಸೇರಿಸದೇ ಸ್ವಿಮ್ಮಿಂಗ್ ತೆಗೆಯೋಕಾಗಲ್ಲ, 22 ಇರೋ ಕಡೆ ತೆಗೆಯೋಕೆ ಜಾಗ ಇದೆ. ಹೆಡ್ ಕೋಚ್ ಹುದ್ದೆಗೆ, ಸ್ಕಾಲರ್‌ಶಿಪ್‌ಗೆ ದತ್ತಿನಿಧಿ ಇದೆಯಾ ಕೇಳಿ, ದಾನಿ ಹೆಸರಲ್ಲಿ ದತ್ತಿ ಇರೋ ಟೀಮ್ ಮುಟ್ಟೋದು ಬಹಳ ಕಷ್ಟ. ಕೋಚ್ ಕಾಂಟ್ರ್ಯಾಕ್ಟ್ ಎಷ್ಟು ವರ್ಷದ್ದು, ಪೂಲ್ ರಿಪೇರಿಗೆ ಬಂದಿದೆಯಾ ಅಂತಲೂ ಕೇಳಿ. ಹಳೇ ಪೂಲ್ ಸೋರ್ತಿದ್ದು ದೊಡ್ಡ ಖರ್ಚು ಎದುರಿಗಿದ್ರೆ ಅದೇ ನೆಪ ಆಗುತ್ತೆ. ಅವರ ಕಾನ್ಫರೆನ್ಸಲ್ಲಿ ಹುಡುಗರ ಸ್ವಿಮ್ಮಿಂಗ್ ಚಾಂಪಿಯನ್‌ಶಿಪ್ ಇಲ್ಲದಿದ್ರೆ ಅದೂ ಒಳ್ಳೇ ಲಕ್ಷಣ ಅಲ್ಲ.

ಪ್ರತಿ ಕಾಲೇಜೂ ಹುಡುಗರೆಷ್ಟು, ಹುಡುಗಿಯರೆಷ್ಟು, ಯಾವ ಟೀಮ್‌ಗೆ ಎಷ್ಟು ಖರ್ಚು ಅಂತ ಪ್ರತಿ ವರ್ಷ ಸರ್ಕಾರಕ್ಕೆ ಒಪ್ಪಿಸಬೇಕು, ಈಎಡಿಎ ರಿಪೋರ್ಟ್ ಅಂತಾರೆ, ಅಮೆರಿಕದ ಶಿಕ್ಷಣ ಇಲಾಖೆ ವೆಬ್‌ಸೈಟಲ್ಲಿ ಯಾರು ಬೇಕಾದ್ರೂ ನೋಡಬಹುದು. ಕಾಲೇಜಲ್ಲಿ ಹುಡುಗಿಯರು ಶೇಕಡಾ 58, ಟೀಮ್ ಸೀಟಲ್ಲಿ ಶೇಕಡಾ 45 ಅಂತ ಕಂಡ್ರೆ ಹುಡುಗರ ಟೀಮ್‌ಗಳಿಗೆ ಅಪಾಯ ಇದೆ ಅಂತಲೇ ಲೆಕ್ಕ.

ಕಾಗದದ ವಿಷಯದಲ್ಲಿ ಒಂದು ಎಚ್ಚರ. ಮುಂಚೆ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಅಂತ, ಈ ಕಾಲೇಜಿಗೇ ಸೇರ್ತೀನಿ ಅಂತ ಹುಡುಗ ಸಹಿ ಹಾಕೋ ಒಪ್ಪಂದ ಇತ್ತು, 2024ರ ಅಕ್ಟೋಬರ್‌ನಲ್ಲಿ ಅದನ್ನ ತೆಗೆದುಹಾಕಿದಾರೆ, ಈಗ ಕಾಲೇಜು ಕೊಡೋ ಫೈನಾನ್ಷಿಯಲ್ ಏಡ್ ಅಗ್ರಿಮೆಂಟೇ ಎಲ್ಲಾ. ಅದು ಒಂದು ವರ್ಷದ್ದಾ ನಾಲ್ಕು ವರ್ಷದ್ದಾ, ಟೀಮ್ ನಿಂತ್ರೂ ಡಿಗ್ರಿ ಮುಗಿಯೋವರೆಗೆ ದುಡ್ಡು ಕೊಡ್ತಾರಾ ಅನ್ನೋದು ಬರವಣಿಗೆಯಲ್ಲಿರಬೇಕು, ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಸೇರಿದ ಮೇಲೆ ಮುಚ್ಚಿಬಿಟ್ರೆ? ಸಾಮಾನ್ಯವಾಗಿ ಸ್ಕಾಲರ್‌ಶಿಪ್ ಮುಂದುವರಿಸ್ತಾರೆ, ಬೇರೆ ಕಾಲೇಜಿಗೆ ಹೋದ್ರೆ ತಕ್ಷಣ ಈಜಬಹುದು. ಕಷ್ಟ ಇರೋದು ಕ್ರೆಡಿಟ್‌ಗಳಲ್ಲಿ, ಎಂಜಿನಿಯರಿಂಗ್‌ನಂಥ ಕೋರ್ಸ್‌ಗಳಲ್ಲಿ ಮೂರನೇ ವರ್ಷ ಕಾಲೇಜು ಬದಲಾಯಿಸಿದ್ರೆ ಒಂದು ವರ್ಷವೇ ಹೆಚ್ಚಾಗಬಹುದು, ಹಂಗಾಗಿ ಮೊದಲ ಎರಡು ವರ್ಷದಲ್ಲಾದ್ರೆ ಬಿಟ್ಟು ಹೋಗೋದು, ಆಮೇಲಾದ್ರೆ ಅಲ್ಲೇ ಉಳಿದು ಡಿಗ್ರಿ ಮುಗಿಸೋದು ಅಂತ ಮನೇಲಿ ಈಗಲೇ ಮಾತಾಡ್ಕೊಳ್ಳಿ. ಹೋಗೋ ಮುಂಚೆ ಮಾತ್ರ ಹಳೇ ಆಟಗಾರರ ಜೊತೆ ಮೊದಲ ವಾರದಲ್ಲೇ ಸೇರ್ಕೊಳ್ಳಿ. ಸ್ಟ್ಯಾನ್‌ಫರ್ಡ್, ವಿಲಿಯಂ ಅಂಡ್ ಮೇರಿ, ಡಾರ್ಟ್‌ಮತ್, ಕ್ಲೆಮ್ಸನ್ ಎಲ್ಲಾ ಕಡೆ ತೀರ್ಮಾನ ತಿರುಗಿದ್ದು ಇನ್ನೂ ಕೋಚ್, ಆಟಗಾರರು ಚದುರಿಹೋಗೋ ಮುಂಚೆ, ಲಾಯರ್ ಮತ್ತು ದಾನಿಗಳು ಒಟ್ಟಿಗೆ ನಿಂತಾಗ. ಅರ್ಧ ಟೀಮ್ ಟ್ರಾನ್ಸ್‌ಫರ್ ತಗೊಂಡು ಹೋದ ಮೇಲೆ ವಾಪಸ್ ಕೊಡಿ ಅಂತ ಕೇಳೋಕೆ ಅಲ್ಲಿ ಟೀಮೇ ಇರಲ್ಲ.